ನಡುಮನೆಯಲ್ಲಿ ಉಬ್ಬಿದ ನೆಲ

ಮನುಷ್ಯ ದೆವ್ವಕ್ಕೆ ಹೆದರಬಹುದು, ಹೆಂಡತಿಗೂ ಹೆದರಬಹುದು. ತಾನೇ ಕಟ್ಟಿಸಿದ ಮನೆಗೆ ಹೆದರುವುದು ಮಾತ್ರ ನಾಚಿಕೆಗೇಡು. ನಾನು ರಸ್ತೆ ಕೆಲಸದ ಓವರ್ಸಿಯರ. ಧಾರವಾಡದ ಮಣ್ಣೆಲ್ಲ ನನ್ನ ಮಾತು ಕೇಳುತ್ತದೆಂದು ನಂಬಿದ್ದವನು. ಹೊಸ ಮನೆಯ ನೆಲಕ್ಕೆ ಕಲ್ಲುಮಿಶ್ರಿತ ಗರಸು ಹಾಕಿಸುವುದು ಬಿಟ್ಟು, ಪಾಯದಿಂದ ತೆಗೆದ ಎರೆಮಣ್ಣನ್ನೇ ತುಂಬಿಸಿದೆ. ಕಡುಬೇಸಿಗೆ, ಬಾವಿ ಬತ್ತಿತ್ತು. ನೀರು ಚಿಮುಕಿಸದೆಯೇ ಒಣಮಣ್ಣನ್ನು ದಿಮ್ಮಸಿನಿಂದ ಬಡಿಸಿ ಬಡಿಸಿ ಕಬ್ಬಿಣ ಮಾಡಿಸಿದೆ. ಬಂದವರೆದುರು ಹಿಮ್ಮಡಿ ಕುಟ್ಟಿ ತೋರಿಸಿ ಮೀಸೆ ತಿರುವಿದ್ದೂ ಉಂಟು.

ಮಿರಗದ ಮಳೆ ಹಿಡಿಯಿತು. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಗೋಡೆಯೊಳಗಿಂದ 'ಚಟ್' ಎಂದು ಸದ್ದಾಯಿತು. ಗಂಗಾಳದಲ್ಲಿದ್ದ ಸಾರು ತಾನಾಗಿಯೇ ಒಂದು ಕಡೆಗೆ ಹರಿಯಿತು. ತಿರುಗಿ ನೋಡಿದರೆ, ಯಾರೋ ಮುಸುಕು ಹೊದ್ದು ಮಲಗಿದ ಹಾಗೆ ನಡುಮನೆಯ ನೆಲ ಉಬ್ಬಿದೆ! ದೇವರ ಖೋಲಿಯ ಬಾಗಿಲು ಚೌಕಟ್ಟಿನಲ್ಲಿ ಕಚ್ಚಿಕೊಂಡು ಮಿಸುಕಲೊಲ್ಲದು. ದೇವರು ಒಳಗೆ, ನಾವು ಹೊರಗೆ.

"ಕೆಳಗ ಯಾರೋ ಮಗ್ಗಲಾ ಬದಲಿಸಾಕತ್ತಾರ್ರೀ," ಎಂದಳು ನನ್ನ ಹೆಂಡತಿ ಗಂಗಾ.

"ಯಾರೂ ಇಲ್ಲ. ಒಣಗಿದ್ದಾಗ ಬಡಿದ ಎರಿಮಣ್ಣು ಭಾಳ ನೀರಡಿಸಿರತೈತಿ. ಮಳಿನೀರು ಕುಡದು ಉಬ್ಬೇತಿ, ಚೌಕಟ್ಟು ತಿರುಚೇತಿ. ಮಳಿ ನಿಂತು ಮಣ್ಣು ಆರೋತನಕಾ ಬಾಗಲಾ ತಗಿಯಂಗಿಲ್ಲ."

"ದೇವರಿಗೆ ದೀಪಾ ಇಲ್ಲದ ಮನ್ಯಾಗ ನಾ ಇರಂಗಿಲ್ಲ. ನಾಳೆ ತಗೀಲಿಲ್ಲಂದ್ರ ಹುಬ್ಬಳ್ಳಿಗೆ, ತವರಮನಿಗೆ ಹೋಗಾಕಿ ನಾ."

ಅವಳು ಬಡಿಸದಿದ್ದರೆ ನನಗೆ ತುತ್ತು ಇಳಿಯುವುದಿಲ್ಲ, ಖರೇ ಹೇಳುತ್ತೇನೆ. ಮರುದಿನ ಹಾರೆ ಹಾಕಿದೆ, ಭುಜ ಕೊಟ್ಟು ನೂಕಿದೆ. ಬಾಗಿಲು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಹೊರಗೆ ಧೋ ಎಂದು ಮಳೆ. ಗಂಗಾ ಟ್ರಂಕು ತುಂಬಿದಳು, ಟಾಂಗಾ ಬಂದು ನಿಂತಿತು. ಹೊರಡುವ ಮುನ್ನ ಅವಳು ಆ ಉಬ್ಬಿನ ಪಕ್ಕದಲ್ಲಿ ಕೂತು ಕೈಮುಗಿದಳು: "ಯಾರರೆ ಇರ್ರಿ, ದೊಡ್ಡವರಿದ್ದೀರಿ. ದೀಪಾ ಹಚ್ಚಾಕ ಒಂದೀಟು ಹಾದಿ ಬಿಡ್ರಿ."

ನೆಲದೊಳಗೆ ಏನೋ ನರಳಿತು. ಬಾಗಿಲು ಸಾವಕಾಶವಾಗಿ, ಒಳಗಿನಿಂದ ಯಾರೋ ಎಳೆದಂತೆ, ಪೂರ್ತಿ ತೆರೆದುಕೊಂಡಿತು. ಮಳೆ ಇನ್ನೂ ನಿಂತಿರಲಿಲ್ಲ.

"ನೋಡ್ರಿ, ಛಲೋ ಮಂದಿ ಅದಾರ. ನಾ ಎಲ್ಲೂ ಹೋಗಂಗಿಲ್ಲ," ಎಂದು ಗಂಗಾ ಸೆರಗು ಸಿಕ್ಕಿಸಿ ದೀಪ ಹಚ್ಚಲು ನಡೆದಳು.

ಮಳೆಯಲ್ಲಿ ಬಂದ ಟಾಂಗಾವನ್ನು ಖಾಲಿ ಕಳಿಸುವುದು ಸಭ್ಯರ ಲಕ್ಷಣವಲ್ಲ. ಸಂಜೆಯೊಳಗೆ ನಾನು ಹುಬ್ಬಳ್ಳಿಯಲ್ಲಿ ಅತ್ತೆಯ ಮನೆಯ ಪಡಸಾಲೆಯಲ್ಲಿದ್ದೆ. ಗಡಿಬಿಡಿಯಲ್ಲಿ ಎತ್ತಿಕೊಂಡು ಬಂದ ಟ್ರಂಕನ್ನು ಅತ್ತೆ ತೆರೆದು ನೋಡಿದರು. ಬರೀ ಸೀರೆ, ಕುಪ್ಪಸ.

"ಅಳಿಯಂದಿರ, ಗಂಗಾ ಎಲ್ಲಿ?"

"ಅಕಿ ಮನಿ ಕಾಯಾಕತ್ತಾಳ್ರಿ," ಎಂದೆ. "ನಾ ಮಣ್ಣು ಆರೋದನ್ನ ಕಾಯಾಕತ್ತೇನಿ."