ಸಹಿಗೆ ಮುನ್ನ ಬೀಸಿದ ಗಾಳಿಯ ಬಗ್ಗೆ

ಸಂಖ್ಯೆ: ಕೆವಾ/ಗಾಳಿ/ಮುನ್ಸೂ/17-ಬಿ

ವಿಷಯ: ಕೆಳ ವಾಯುಮಂಡಲದಲ್ಲಿ ಗಾಳಿಯು ಅನುಮೋದನೆಯಿಲ್ಲದೆ ಸಂಘಟಿತಗೊಂಡಿರುವ ಬಗ್ಗೆ.

ಉಲ್ಲೇಖ:
1) ತಾರಸಿ ವೀಕ್ಷಕರ ಟಿಪ್ಪಣಿ, ಮಂಗಳವಾರ ಬೆಳಿಗ್ಗೆ 9.10.
2) ಬಿರುಗಾಳಿ, ಮಂಗಳವಾರ ಮಧ್ಯಾಹ್ನ 12.40.
3) ಟಿಪ್ಪಣಿಗೆ ಮೇಲಧಿಕಾರಿಗಳ ಸಹಿ, ಗುರುವಾರ ಸಂಜೆ.

ನೆಲದ ಗಾಳಿಯೂ ಕಡಲಿನ ಗಾಳಿಯೂ ಬಂದರಿನ ಮೇಲೆ ಎದುರುಬದುರಾಗಿ, ಮೇಲಕ್ಕೆದ್ದು, ಮಧ್ಯಾಹ್ನ ಬಿರುಗಾಳಿಯಾಗುವುದೆಂದು ತಾರಸಿ ವೀಕ್ಷಕರು ಬರೆದಿದ್ದು, ಸದರಿ ಟಿಪ್ಪಣಿಯು ಮೂರು ಮೇಜುಗಳನ್ನು ದಾಟುವ ಮೊದಲೇ ಗಾಳಿಯು ಹಾಗೆಯೇ ನಡೆದುಕೊಂಡಿರುತ್ತದೆ. ಆದ್ದರಿಂದ ಸಮಸ್ತ ಸಿಬ್ಬಂದಿಗೆ ಕೆಳಕಂಡಂತೆ ತಿಳಿಯಪಡಿಸಲಾಗಿದೆ:

1. ಸಹಿಯಾಗದ ಗಾಳಿಯನ್ನು ಗಾಳಿಯೆಂದು ಪರಿಗಣಿಸತಕ್ಕದ್ದಲ್ಲ. ಅಂತಹ ಗಾಳಿಗೆ ಹಾರಿದ ಬಟ್ಟೆಬರೆ, ತಗಡು ಇತ್ಯಾದಿಗಳು ತಮ್ಮ ಸ್ವಂತ ಜವಾಬ್ದಾರಿಯ ಮೇಲೆ ಹಾರಿದಂತೆ ನಮೂದಿಸುವುದು.

2. ಗಾಳಿಯ ದಿಕ್ಕು ತೋರಿಸುವ ತಾರಸಿಯ ಬಾಣವನ್ನು ಎಂದಿನಂತೆ ಅನುಮೋದಿತ ದಿಕ್ಕಿಗೆ ಹಗ್ಗದಿಂದ ಬಿಗಿದು ಕಟ್ಟಿರಬೇಕು. ಮಂಗಳವಾರ ವೀಕ್ಷಕರು ಹಗ್ಗ ಬಿಚ್ಚಿದ್ದರಿಂದ ಬಾಣವು ತಿರುಗಿದ್ದು, ಇಲಾಖೆಯ ಹನ್ನೊಂದು ವರ್ಷಗಳ ನಿಖರತೆಗೆ ಭಂಗ ಬಂದಿದೆ.

3. ಟಿಪ್ಪಣಿಯು ಫ್ಯಾನಿನ ಗಾಳಿಗೆ ಹಾರಿ ಬೀರುವಿನ ಹಿಂದೆ ಬಿದ್ದಿತ್ತೆಂದು ಎರಡನೇ ಮೇಜಿನ ಗುಮಾಸ್ತರು ತಿಳಿಸಿರುತ್ತಾರೆ. ಫ್ಯಾನಿನ ಗಾಳಿಯನ್ನು ಮುನ್ಸೂಚಿಸುವ ಹೊಣೆ ಯಾರದೆಂದು ಪರಿಶೀಲಿಸಲು ಸಮಿತಿ ರಚಿಸಲಾಗಿದೆ. ವರದಿ ಬರುವವರೆಗೆ ಫ್ಯಾನು ಒಂದನೇ ನಂಬರಿನಲ್ಲಿಯೇ ತಿರುಗತಕ್ಕದ್ದು.

4. ವೀಕ್ಷಕರು ಸಹಿಗೆ ಕಾಯದೆ, ದೋಣಿಯಲ್ಲಿದ್ದ ತಮ್ಮ ಅಕ್ಕನ ಗಂಡನಿಗೆ ಕಚೇರಿಯ ಫೋನಿನಿಂದ ಹೇಳಿದ "ಭಾವಾ, ಎರಡೂ ಕಡೆಯಿಂದ ಗಾಳಿ ಬರ್ತಾ ಇದೆ. ಬಲೆ ಹಾಳಾಗಿ ಹೋಗ್ಲಿ, ಎಲ್ಲರನ್ನೂ ಕರ್ಕೊಂಡು ದಡಕ್ಕೆ ಬಂದ್ಬಿಡಿ, ನಿಮ್ಮ ದಮ್ಮಯ್ಯ!" ಎಂಬ ಮಾತು ನಿಗದಿತ ನಮೂನೆಯಲ್ಲಿರುವುದಿಲ್ಲ. ದಮ್ಮಯ್ಯ ಎಂಬುದು ಗಾಳಿಯ ವೇಗದ ಯಾವ ಅಳತೆಯೆಂದು ವೀಕ್ಷಕರು ಮೂರು ದಿನಗಳೊಳಗೆ ವಿವರಣೆ ನೀಡುವುದು.

5. ಈ ಮಾತು ಕೇಳಿ ಇಪ್ಪತ್ತಾರು ದೋಣಿಗಳ ನೂರ ಹದಿನಾಲ್ಕು ಮಂದಿ ದಡ ಸೇರಿ, ಎರಡು ದಿನಗಳ ಕಾಲ ಅನುಮತಿಯಿಲ್ಲದೆ ಬದುಕಿರುತ್ತಾರೆ. ಮಾನವೀಯ ದೃಷ್ಟಿಯಿಂದ ಸದರಿಯವರ ಬದುಕನ್ನು ಗುರುವಾರ ಸಂಜೆಯಿಂದ ಜಾರಿಗೆ ಬರುವಂತೆ ಕ್ರಮಬದ್ಧಗೊಳಿಸಲಾಗಿದೆ.

6. ವೀಕ್ಷಕರನ್ನು ಗುರುವಾರ ಸಂಜೆಯಿಂದಲೇ ನೆಲಮಾಳಿಗೆಯ ಹಳೆಯ ಕಡತಗಳ ಕೋಣೆಗೆ ವರ್ಗಾಯಿಸಲಾಗಿದೆ. ಅಲ್ಲಿ ಕಿಟಕಿಯಿಲ್ಲ.

ಸಹಿ/-
ಉಪನಿರ್ದೇಶಕರು (ಪ್ರಭಾರ)
ಅನುಮೋದಿತ ಗಾಳಿ ವಿಭಾಗ

ಪ್ರತಿಗಳು:
1. ಫ್ಯಾನ್ ಸಮಿತಿಯ ಅಧ್ಯಕ್ಷರಿಗೆ, ಪೇಪರ್‌ವೇಟ್ ಸಹಿತ.
2. ಉಗ್ರಾಣಕ್ಕೆ, ಹೊಸ ಹಗ್ಗ ಒದಗಿಸುವ ಕೋರಿಕೆಯೊಂದಿಗೆ.
3. ಇಪ್ಪತ್ತಾರು ದೋಣಿಗಳ ಸದರಿ ನೂರ ಹದಿನಾಲ್ಕು ಮಂದಿಗೆ. ಇವರು ಇಂದು ಬೆಳಿಗ್ಗೆ ಇಲಾಖೆಯ ಅಧಿಕೃತ ಮುನ್ಸೂಚನೆಯನ್ನು ಓದಿದ ಮೇಲೂ ಕಡಲಿಗಿಳಿಯದೆ, "ನಮ್ಮ ಗಾಳಿಯಣ್ಣ ಹೇಳ್ಲಿ, ಆಮೇಲೆ ಹೋಗ್ತೀವಿ" ಎಂದು ನೆಲಮಾಳಿಗೆಯ ಮೆಟ್ಟಿಲುಗಳ ಮೇಲೆ ಕುಳಿತಿರುವುದರಿಂದ, ಪ್ರತಿಯನ್ನು ಅಲ್ಲಿಯೇ ತಲುಪಿಸತಕ್ಕದ್ದು.