ಹಂಸತೂಲ ಸೋಪಿನ ಮ್ಯಾನೇಜರರಿಗೆ, ಹಿರಿಯೂರಿನ ಬಚ್ಚಲಿನಿಂದ

ಹಿರಿಯೂರು, ಮಾರ್ಚ್ ೧೯೭೪

ಹಂಸತೂಲ ಸ್ನಾನದ ಸಾಬೂನು ಕಾರ್ಖಾನೆಯ ಮ್ಯಾನೇಜರರ ಸನ್ನಿಧಿಗೆ,

ಮಾನ್ಯರೇ,

ತಾವೂ, ತಮ್ಮ ಕಾರ್ಖಾನೆಯ ಕೊಪ್ಪರಿಗೆಗಳೂ, ತಮಗೆ ಜಾಹೀರಾತು ಬರೆದುಕೊಡುವ ಅಜ್ಞಾತ ಮಹನೀಯರೂ ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ಇಲ್ಲಿ ನಾವು ಒಣಗಾಳಿಗೆ ತುಟಿ ಒಡೆದುಕೊಂಡು ಕ್ಷೇಮವಾಗಿದ್ದೇವೆ. ನಾನು ಇಲ್ಲಿನ ತಾಲ್ಲೂಕು ಕಚೇರಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಪತ್ರಗಳ ಕರಡು ಬರೆಯುತ್ತಿರುವ ಗುಮಾಸ್ತ. ಪರರ ದೂರುಗಳಿಗೆ ಉತ್ತರ ಬರೆಯುತ್ತಲೇ ವಯಸ್ಸಾಗಿರುವುದರಿಂದ ಸ್ವಂತದ್ದೊಂದು ದೂರನ್ನು ಬರೆಯುವ ಕ್ರಮ ನನಗೆ ಪೂರ್ತಿ ತಿಳಿಯದು, ಲೋಪವಿದ್ದರೆ ಮನ್ನಿಸಬೇಕು. ಇದರ ಒಂದು ಪ್ರತಿಯನ್ನು ಪತ್ರಿಕೆಗೂ ಕಳಿಸಿದ್ದೇನೆ. ತಮ್ಮ ಕೀರ್ತಿ ನಮ್ಮಿಬ್ಬರ ನಡುವೆಯೇ ಉಳಿದುಹೋಗಬಾರದೆಂಬ ಕಾಳಜಿಯ ಹೊರತು ಅದಕ್ಕೆ ಬೇರೆ ಕಾರಣವಿಲ್ಲ.

ನನ್ನ ಮಗಳು ಉಚ್ಚಂಗಮ್ಮ ಚೊಚ್ಚಲ ಹೆರಿಗೆಗೆಂದು ಬಾಗೂರಿನಿಂದ ನಮ್ಮ ಮನೆಗೆ ಬಂದಳು. ಹೆಣ್ಣುಮಗು ಹುಟ್ಟಿತು. ಐದನೆಯ ತಿಂಗಳಲ್ಲಿ ತಾಯಿ ಮಗುವನ್ನು ಬಾಗೂರಿಗೆ ಕಳಿಸಿಕೊಡುವುದೆಂದು ಮಾತಾಗಿತ್ತು. ಮೂರನೆಯ ತಿಂಗಳಿಗೆ ಬರುವಷ್ಟರಲ್ಲಿ ಮಗುವಿನ ಮೈ ಒಣಗಿ, ಕೆನ್ನೆ ಮೊಣಕಾಲುಗಳ ಮೇಲೆ ಸಣ್ಣ ಸಣ್ಣ ಹುರುಪೆ ಏಳತೊಡಗಿತು. ಆಗ ಮಗುವಿಗೆ ನೀರೆರೆಯುತ್ತಿದ್ದವಳು ಕೆಳಗಿನ ಬೀದಿಯ ಕೆಂಚಕ್ಕ. ನಮ್ಮ ಬೀದಿಯ ಎರಡು ತಲೆಮಾರಿನ ಮಕ್ಕಳು ಅವಳು ನೀಡಿದ ಕಾಲುಗಳ ಮೇಲೆ ಮಲಗಿಯೇ ಮೈ ತೊಳೆಸಿಕೊಂಡವು. ನನ್ನ ಮಗಳೂ ಅವುಗಳಲ್ಲಿ ಒಬ್ಬಳು. ಹೆಸರುಹಿಟ್ಟನ್ನು ಹಳೆಯ ಪಂಚೆಯಲ್ಲಿ ಜರಡಿ ಹಿಡಿದು, ಹಾಲಿನ ಕೆನೆಯಲ್ಲಿ ಕಲಸಿ ಮಗುವಿನ ಮೈಗೆ ಬಳಿದು, ಒಂದು ಎಲೆ ಅಡಿಕೆ ಮೆಲ್ಲುವಷ್ಟು ಹೊತ್ತು ಬಿಟ್ಟು, ಆಮೇಲೆ ಅಂಗೈಯಲ್ಲಿ ಉಜ್ಜಿ ಉದುರಿಸಿ, ನಂತರ ನೀರು ಹೊಯ್ಯುವುದು ಅವಳ ಪದ್ಧತಿ.

ನನಗೆ ಆ ಹಿಟ್ಟಿನ ಮೇಲೆ ಅನುಮಾನ ಬಂತು. ಅನುಮಾನ ಬರಲು ವಿಶೇಷ ಕಾರಣವಿರಲಿಲ್ಲ. ಹಿಟ್ಟು ಮನೆಯದ್ದು, ಅಗ್ಗದ್ದು, ಅದರ ಮೇಲೆ ಏನೂ ಅಚ್ಚಾಗಿರಲಿಲ್ಲ. ಅದೇ ವಾರ ತಮ್ಮ ಜಾಹೀರಾತು ಕಣ್ಣಿಗೆ ಬಿತ್ತು. ಒಣ ಚರ್ಮಕ್ಕೆ, ನಾಜೂಕು ಚರ್ಮಕ್ಕೆ, ತಾಯಿಯ ಮುತ್ತಿನಷ್ಟೇ ಮೃದು ಎಂದು ಅದರಲ್ಲಿತ್ತು. ಕೆಳಗೆ ಒಂದು ಹಂಸ, ಅದರ ಗರಿಯಷ್ಟು ನಯವೆಂಬ ಮಾತು. ನಮ್ಮ ಸೀಮೆಯಲ್ಲಿ ಹಂಸವನ್ನು ಯಾರೂ ಮುಟ್ಟಿ ನೋಡಿದವರಿಲ್ಲವಾದ್ದರಿಂದ ಆ ಹೋಲಿಕೆಯನ್ನು ಪ್ರಶ್ನಿಸುವ ಅಧಿಕಾರ ನನಗಿರಲಿಲ್ಲ.

ಆದರೂ ನಾನು ಕಣ್ಣು ಮುಚ್ಚಿಕೊಂಡು ನಂಬುವ ಪೈಕಿಯವನಲ್ಲ. ಜಂಬಣ್ಣನ ಅಂಗಡಿಯಿಂದ ನಾಲ್ಕು ಜಾತಿಯ ಸೋಪು ತಂದು, ಎಡಗೈಯ ಮೇಲೆ ಕಚೇರಿಯ ಅಳಿಸಲಾಗದ ಕಾಪಿಯಿಂಗ್ ಪೆನ್ಸಿಲ್ಲಿನಿಂದ ನಾಲ್ಕು ಚೌಕ ಬರೆದು, ಅಂಕಿ ಹಾಕಿ, ದಿನಕ್ಕೆರಡು ಬಾರಿ ಒಂದೊಂದು ಚೌಕಕ್ಕೆ ಒಂದೊಂದು ಸೋಪು ತಿಕ್ಕಿ ಕೂಡಲೇ ತೊಳೆದುಕೊಂಡೆ. ನಮ್ಮ ಬಾವಿಯ ಸವಳು ನೀರಿಗೆ ಕೆಂಪು ಸೋಪು ಮಜ್ಜಿಗೆಯಂತೆ ಒಡೆಯಿತು. ಹಸಿರು ಸೋಪು ಆಸ್ಪತ್ರೆಯ ವರಾಂಡದ ವಾಸನೆ ಹೊಡೆಯಿತು. ಆಚೆಯ ಕೈ ಕಾಣುವಂಥ ಗಾಜಿನ ಬಣ್ಣದ ಸೋಪು ಜಾರಿ ಬಚ್ಚಲ ಕಿಂಡಿಯೊಳಗೆ ಹೋಯಿತು. ತಮ್ಮದೊಂದೇ ಸುಮ್ಮನಿತ್ತು. ಐದು ದಿನವಾದರೂ ನನ್ನ ಕೈಯಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ. ಇಪ್ಪತ್ತಾರು ವರ್ಷದ ಸರ್ಕಾರಿ ಸೇವೆ ಕಂಡ ಚರ್ಮಕ್ಕೂ ಮೂರು ತಿಂಗಳ ಚರ್ಮಕ್ಕೂ ಏನು ಸಂಬಂಧವೆಂದು ಆಗ ಹೊಳೆಯಲಿಲ್ಲ. ನಾನು ತಮ್ಮ ಪರವಾಗಿ ತೀರ್ಮಾನ ಬರೆದೆ.

ಈಗ ದೂರಿನ ಭಾಗ. ತಮ್ಮ ಸೋಪಿನ ಸುತ್ತುಕಾಗದದ ಒಳಮೈಯಲ್ಲಿ ಬಳಸುವ ಕ್ರಮವನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ್ದೀರಿ. ನೀರೆರೆಯುವಾಗ ಗಂಡಸರು ಬಚ್ಚಲೊಳಗೆ ಹೋಗುವ ವಾಡಿಕೆಯಿಲ್ಲದ ಕಾರಣ ನಾನು ಬಾಗಿಲ ಹೊರಗೆ ನಿಂತು ಅದನ್ನು ಕನ್ನಡ ಮಾಡಿ ಕೆಂಚಕ್ಕನಿಗೆ ಓದಿ ಹೇಳಿದೆ: ಮೈಗೆಲ್ಲ ಧಾರಾಳವಾಗಿ ಹಚ್ಚುವುದು, ಮೃದುವಾಗಿ ಉಜ್ಜುವುದು, ನಂತರ ತೊಳೆಯುವುದು. ಹೇಗೆ ಹಚ್ಚಲಿ ಎಂದು ಒಳಗಿನಿಂದ ಕೇಳಿದಳು. ಕಾಗದದಲ್ಲಿ ಅದಿರಲಿಲ್ಲ. ಹಿಟ್ಟು ಹಚ್ಚುವ ಹಾಗೆಯೇ ಎಂದು ನಾನು ನನ್ನ ಅಧಿಕಾರದಲ್ಲೇ ಆಜ್ಞೆ ಕೊಟ್ಟು ಕಚೇರಿಗೆ ಹೊರಟುಹೋದೆ.

ಮಾನ್ಯರೇ, ಹೇಳಿದ್ದನ್ನು ಹೇಳಿದಂತೆಯೇ ಮಾಡುವವರು ನಮ್ಮ ಇಲಾಖೆಯಲ್ಲಿ ಇಲ್ಲ, ಕೆಂಚಕ್ಕ ಮಾಡಿದಳು. ತಮ್ಮ ಹಂಸತೂಲವನ್ನು ಕೊಬ್ಬರಿ ತುರಿಯುವ ಮಣೆಯ ಮೇಲೆ ತುರಿದು, ಕೆನೆಯಲ್ಲಿ ಕಲಸಿ, ಮಗುವಿನ ಒಣಮೈಗೆ ಕುತ್ತಿಗೆಯಿಂದ ಪಾದದವರೆಗೆ ಬಳಿದು, ಒಂದು ಎಲೆ ಅಡಿಕೆ ಮೆಲ್ಲುವಷ್ಟು ಹೊತ್ತು ಬಿಸಿಲುಕೋಲಿನಲ್ಲಿ ಒಣಗಿಸಿ, ಆಮೇಲೆ ಉಜ್ಜಿ ಉದುರಿಸಿದಳು. ಮಧ್ಯಾಹ್ನ ನಾನು ಮನೆಗೆ ಬಂದಾಗ ಮಗು ಸುಲಿದ ಟೊಮೇಟೊದಂತೆ ಕೆಂಪಗಾಗಿತ್ತು, ಅತ್ತು ಅತ್ತು ದನಿ ಹೋಗಿತ್ತು. ಅಂಗಳದಲ್ಲಿ ಅಕ್ಕಪಕ್ಕದವರೆಲ್ಲ ಸೇರಿದ್ದರು. ನನ್ನ ಹೆಂಡತಿ ಹೊನ್ನಕ್ಕ, ಇಷ್ಟು ವರ್ಷ ಎರೆದವಳಿಗೆ ಅಷ್ಟೂ ತಿಳಿಯಬಾರದೇ, ಕೈ ಮುಪ್ಪಾದರೆ ಬಿಟ್ಟುಬಿಡಬಾರದೇ ಎಂದು ಕೆಂಚಕ್ಕನನ್ನು ಅನ್ನಬಾರದ್ದೆಲ್ಲ ಅಂದಳು. ಕೆಂಚಕ್ಕ ನನ್ನ ಕಡೆ ನೋಡಿದಳು.

“ನೀವು ಓದಿ ಹೇಳ್ದಂಗೇ ಮಾಡೀನಿ, ಅಲ್ಲೇನಪ್ಪ?” ಎಂದಳು.

ನಾನು ಜೇಬಿನಲ್ಲಿದ್ದ ಸುತ್ತುಕಾಗದವನ್ನು ತೆಗೆದು ಇನ್ನೊಮ್ಮೆ ಓದತೊಡಗಿದೆ. ಉತ್ತರ ಕೊಡಲು ಇಷ್ಟವಿಲ್ಲದಾಗ ಕಾಗದ ಓದುವುದು ನನ್ನ ವೃತ್ತಿಯ ಅಭ್ಯಾಸ. ನಾನು ಓದಿ ಮುಗಿಸಿ ತಲೆಯೆತ್ತಿದಾಗ ಅವಳು ಸೆರಗಿಗೆ ಕೈ ಒರೆಸಿಕೊಂಡು ಹೋಗಿಯಾಗಿತ್ತು.

ಡಾಕ್ಟರು ಮುಲಾಮು ಕೊಟ್ಟರು, ಸೋಪು ಮುಟ್ಟಿಸಕೂಡದೆಂದರು. ಉರಿ ಇಳಿಯಿತು. ಆದರೆ ಒಣಗಿದ ಮೈ ಒಣಗಿದಂತೆಯೇ ಉಳಿಯಿತು. ಮಗುವನ್ನು ಮುಟ್ಟಲು ಮಗಳಿಗೆ ಭಯ. ಹೊನ್ನಕ್ಕ ಒಂದು ದಿನ ಎರೆಯಲು ಕುಳಿತು, ಎಣ್ಣೆಗೈಯಿಂದ ಮಗು ಜಾರಿ, ಹೇಗೋ ಹಿಡಿದುಕೊಂಡು, ಮತ್ತೆ ಕುಳಿತುಕೊಳ್ಳಲೊಲ್ಲೆ ಎಂದಳು. ಬಾಗೂರಿಗೆ ಕಳಿಸುವ ದಿನ ಹತ್ತಿರ ಬರುತ್ತಿತ್ತು. ಕೆಂಚಕ್ಕನನ್ನು ಕರೆಯಲು ಎರಡು ಸಲ ಹೇಳಿ ಕಳಿಸಿದೆವು; ಬರಲಿಲ್ಲ. ಅಷ್ಟರಲ್ಲಿ ಬೀದಿಯ ಇನ್ನೆರಡು ಬಾಣಂತಿ ಮನೆಯವರೂ ಅವಳನ್ನು ಕರೆಯುವುದು ಬಿಟ್ಟಿದ್ದರೆಂದು ನನಗೆ ತಿಳಿಯಿತು. ತಮ್ಮ ಸೋಪಿನ ತೂಕ ನೂರು ಗ್ರಾಂ. ಅದು ಕರಗಿಸಿದ ಕೆಂಚಕ್ಕನ ಹೆಸರಿನ ತೂಕ ಎಲ್ಲೂ ಅಚ್ಚಾಗಿಲ್ಲ.

ಹಾಗಾಗಿ ಒಂದು ಭಾನುವಾರ ಬೆಳಿಗ್ಗೆ ನಾನೇ ಕೆಳಗಿನ ಬೀದಿಗೆ ಹೋದೆ. ಅವಳು ಜಗಲಿಯ ಮೇಲೆ ಉಣ್ಣೆ ನೂಲುತ್ತಿದ್ದಳು. ತಪ್ಪು ನನ್ನದು ಎಂದೆ. ನನ್ನೊಬ್ಬಳಿಗೆ ಹೇಳಿದರೆ ಏನು ಬಂತು ಎಂದಳು. ಆಮೇಲೆ ಸೊಸೆಯಿಂದ ಒಂದು ಕುಡಿಕೆ ತರಿಸಿದಳು; ಅಂದು ಉಳಿದಿದ್ದ ತಮ್ಮ ಸೋಪಿನ ತುರಿಯನ್ನು ಅವಳು ಅದರಲ್ಲಿ ಮನೆಗೆ ತಂದಿಟ್ಟಿದ್ದಳು, ಈಗ ನೀರು ಬೆರೆಸಿ ಕಲಸಿದಳು.

“ಮಖಕ್ಕೆ ಹಚ್ಕಂಡು ಇಲ್ಲೇ ಕುಂತ್ಕಳ್ರಿ. ನನ್ನ ಎಲೆ ಅಡಿಕೆ ಮುಗಿಯಾಗಂಟ.”

ನಾನು ಹಚ್ಚಿಕೊಂಡು ಕುಳಿತೆ. ಅವಳು ಆ ದಿನ ಎಲೆ ಅಡಿಕೆಯನ್ನು ಬಹಳ ನಿಧಾನವಾಗಿ ಮೆದ್ದಳೆಂದು ನನ್ನ ಅಭಿಪ್ರಾಯ. ಮೊದಲು ಚರ್ಮ ಬಿಗಿಯಿತು, ಆಮೇಲೆ ಕಣ್ಣಿನ ಸುತ್ತ ಸಣ್ಣಗೆ ಬೆಂಕಿ ಬಿತ್ತು. ಬಾವಿಯಿಂದ ನೀರು ಹೊತ್ತು ಹೋಗುವವರೆಲ್ಲ ಬಿಂದಿಗೆಯೊಂದಿಗೆ ನಿಂತು ನೋಡಿದರು. ಕುರಿ ಹೊಡೆದುಕೊಂಡು ಹೊರಟಿದ್ದ ಜುಂಜಪ್ಪ ಕುರಿಗಳನ್ನೂ ನಿಲ್ಲಿಸಿ, ಇದೇನು ಹೊಸ ಹರಕೆಯೇ ಎಂದು ಕೇಳಿದ. ಸೋಪನ್ನು ಹೀಗೆ ಹಚ್ಚಲು ಕೆಂಚಕ್ಕನಿಗೆ ಹೇಳಿದವನು ನಾನು ಎಂದು ಅವನಿಗೆ ಹೇಳಬೇಕಾಯಿತು. ಅವನು ಕೊಂಚ ಕಿವುಡ, ಎರಡು ಸಲ ಹೇಳಬೇಕಾಯಿತು. ಇಪ್ಪತ್ತಾರು ವರ್ಷದಲ್ಲಿ ನಾನು ಬರೆದ ಯಾವ ಉತ್ತರವೂ ಅಷ್ಟು ಚಿಕ್ಕದಾಗಿರಲಿಲ್ಲ.

ಮರುದಿನ ಕೆಂಚಕ್ಕ ಬಂದಳು. ಮೊದಲ ವಾರ ಬರೀ ಎಣ್ಣೆ, ಉಗುರುಬೆಚ್ಚನೆಯ ನೀರು. ಆಮೇಲೆ ಎರಡು ಸಲ ಜರಡಿ ಹಿಡಿದ ಹಿಟ್ಟು, ಈ ಸಲ ಒಣಗಲು ಬಿಡದೆ, ಹಸಿಯಿರುವಾಗಲೇ ತೊಳೆದಳು. ತನ್ನ ಪದ್ಧತಿಯಲ್ಲೂ ತಿದ್ದುವುದು ಇತ್ತೆಂದು ಅವಳು ಯಾರಿಗೂ ಹೇಳಲಿಲ್ಲ, ನಾನೂ ಹೇಳಿಲ್ಲ. ತಿಂಗಳೊಳಗೆ ಮಗುವಿನ ಮೈ ಮೃದುವಾಯಿತು. ಇನ್ನೆರಡು ಮನೆಯವರೂ ಅವಳನ್ನು ಮತ್ತೆ ಕರೆದರು.

ಇನ್ನು ನನ್ನ ಕೋರಿಕೆಗಳು. ತಮ್ಮ ಸುತ್ತುಕಾಗದದ ಹಂಸವನ್ನು ನಿವೃತ್ತಿಗೊಳಿಸಿ, ಅಲ್ಲಿ ಒಂದು ಚೊಂಬು ನೀರಿನ ಚಿತ್ರ ಹಾಕಿಸಬೇಕು. ಪ್ರತಿ ಬಿಲ್ಲೆಯೊಂದಿಗೆ, ಕನ್ನಡ ಬಲ್ಲ ಒಬ್ಬ ಹೆಂಗಸನ್ನು ಪ್ರಯಾಣಭತ್ಯೆ ಕೊಟ್ಟು ಬಚ್ಚಲೊಳಗಿನವರೆಗೆ ಕಳಿಸಬೇಕು. ಇದಾಗದಿದ್ದರೆ, ಬಾಗಿಲ ಹೊರಗೆ ನಿಂತು ಸಲಹೆ ಕೊಡುವ ಗಂಡಸಿನ ದನಿ ಕೇಳಿದೊಡನೆ ತಾನಾಗಿ ಕಿಂಡಿಗೆ ಜಾರುವಂಥ ಸೋಪನ್ನಾದರೂ ತಯಾರಿಸಬೇಕು. ಆ ಗುಣ ಬೇರೊಂದು ಕಂಪನಿಯ ಸೋಪಿಗೆ ಈಗಾಗಲೇ ಇರುವುದನ್ನು ಮೇಲೆ ನಿವೇದಿಸಿದ್ದೇನೆ.

ಕಳೆದ ಸೋಮವಾರ ಬೀಗಿತ್ತಿ ಬರಗೇರಮ್ಮನವರು ಬಾಗೂರಿನಿಂದ ಬಂದು ತಾಯಿ ಮಗುವನ್ನು ಕರೆದುಕೊಂಡು ಹೋದರು. ಮಗುವಿನ ಕೆನ್ನೆ ಸವರಿ, ಯಾವ ಸೋಪು ಹಾಕುತ್ತೀರಿ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಹೊನ್ನಕ್ಕ, ಪೇಟೆಯಲ್ಲಿರುವ ನಮ್ಮ ಮರ್ಯಾದೆಗೆ ಕುಂದಾಗಬಾರದೆಂದು, ತಮ್ಮ ಸೋಪಿನ ಹೆಸರು ಹೇಳಿಬಿಟ್ಟಳು. ನಾನು ಅದು ಸುಳ್ಳೆನ್ನಲು ಎದ್ದು ನಿಂತೆ. ಬಾಗಿಲ ಬಳಿ ಕುಳಿತಿದ್ದ ಕೆಂಚಕ್ಕ ನನ್ನ ಪಂಚೆಯ ಅಂಚು ಹಿಡಿದು ಜಗ್ಗಿ ಮೆಲ್ಲಗೆ ಅಂದಳು:

“ಸುಮ್ಕಿರ್ರಿ. ನನ್ನ ಕೈ ಅಂದ್ರೆ ನನ್ನೂ ಬಾಗೂರಿಗೆ ಹೊತ್ಕಂಡು ಹೋಗ್ತಾರೆ. ನಂಗಿಲ್ಲಿ ಎರಡು ಮನೆ ಐತೆ.”

ಜೀವನದಲ್ಲಿ ಮೊದಲ ಬಾರಿಗೆ ನಾನು ಅಪ್ಪಣೆ ಪಡೆದು ಸುಮ್ಮನಾದೆ.

ಎಡಗೈಯ ನಾಲ್ಕು ಚೌಕಗಳು ಇನ್ನೂ ಅಳಿಯದಿರುವ,
ತಮ್ಮ ವಿಶ್ವಾಸಿ,
ಚಿತ್ರಲಿಂಗಪ್ಪ

ಮರೆತ ಮಾತು: ಬರಗೇರಮ್ಮನವರು ಒಂದು ಡಜನ್ ಹಂಸತೂಲಕ್ಕೆ ತಮಗೆ ಕಾಗದ ಬರೆಸುವ ಸಂಭವವಿದೆ. ದಯವಿಟ್ಟು ಸ್ಟಾಕ್ ಇಲ್ಲವೆಂದು ತಿಳಿಸಿ. ಇಲ್ಲ ಎಂಬುದನ್ನು ಒಂದು ಪುಟದಷ್ಟು ವಿನಯದಿಂದ ಬರೆಯುವ ಅಭ್ಯಾಸ ತಮ್ಮ ಕಚೇರಿಯಲ್ಲಿ ಇಲ್ಲದಿದ್ದರೆ ಕರಡು ನಾನೇ ಕಳಿಸುತ್ತೇನೆ. ತಾವು ಸಹಿ ಮಾಡಿದರೆ ಸಾಕು.