ಕೆಂಪು ಚುಕ್ಕೆಗೆ ನಿಲ್ಲದ ಪ್ರೋಗ್ರಾಮು

ದೇವರು ಕರೆಸಿಕೊಂಡದ್ದು ಕುಮಾಸಿಯ ನಾನಾ ಅಂಟ್ವಿಯವರ ಸೋದರಮಾವನನ್ನು; ಓಪೋಕುವಿನ ಪ್ರೋಗ್ರಾಮು ಸಾಯಿಸಿದ್ದು ನಾನಾ ಅಂಟ್ವಿಯವರನ್ನೇ. ಓಪೋಕು ಕೆಲಸಕ್ಕಿದ್ದದ್ದು ಸಾವಿನ ಸುದ್ದಿಯನ್ನು ಊರವರ ಮೊಬೈಲಿಗೆಲ್ಲ ಕಳಿಸುವ ಅಂಗಡಿಯಲ್ಲಿ; ಅಲ್ಲಿ ಮೊದಲ ಮಾದರಿಯನ್ನು ಒಪ್ಪಿಗೆಗೆಂದು ಕುಲದ ಹಿರಿಯರಿಗೆ ಕಳಿಸುವುದು ವಾಡಿಕೆ. ಬೆಳಿಗ್ಗೆ ಮೆಕ್ಕೆಜೋಳದ ಗಂಜಿ ಹೀರುತ್ತಿದ್ದ ನಾನಾ, ತಾವು ತೀರಿಕೊಂಡದ್ದನ್ನು ತಾವೇ ಓದಿದರು.

ಗಂಜಿ ಆರುವ ಮೊದಲೇ ಅಂಗಡಿಗೆ ಬಂದು ಕೂತರು.

"ಸತ್ತೋನು ನಡ್ಕೊಂಡು ಬಂದಿದ್ದೀನಿ, ನೀರೂ ಕೊಡಲ್ವೇನಯ್ಯಾ?"

"ತಪ್ಪಾಯ್ತು ನಾನಾ, ಈಗ್ಲೇ ಸರಿಮಾಡ್ತೀನಿ."

"ಸಂಜೆಯೊಳಗೆ ಆಗ್ಬೇಕು. ಇಲ್ದಿದ್ರೆ ನಮ್ಮ ಕುಲದ ಒಂದು ಸಾವೂ ಇಲ್ಲಿಗೆ ಬರಲ್ಲ."

ಒಡತಿ ಸೆರ್ವಾಳ ಮುಖ ಬಾಡಿತು. ಅದು ದೊಡ್ಡ ಕುಲ, ಮುದುಕರೂ ಬೇಕಾದಷ್ಟಿದ್ದರು. "ಅವ್ರು ನಮ್ಮನ್ನ ಬಿಟ್ರೆ ನಾನು ನಿನ್ನ ಬಿಟ್ಟೆ ಅಂತ ತಿಳ್ಕೋ," ಎಂದು ಓಪೋಕುವಿನ ಕಿವಿಯಲ್ಲಿ ಉಸುರಿದಳು.

ಹೆಸರುಗಳು ಎಲ್ಲಿ ಅದಲುಬದಲಾಗುತ್ತವೆಂದು ಹಿಡಿಯಲು ಓಪೋಕು ಪ್ರೋಗ್ರಾಮಿನ ಒಂದು ಸಾಲಿನ ಪಕ್ಕ ಬ್ರೇಕ್‌ಪಾಯಿಂಟಿನ ಕೆಂಪು ಚುಕ್ಕೆ ಇಟ್ಟ. ಓಡುತ್ತಿರುವ ಪ್ರೋಗ್ರಾಮು ಅಲ್ಲಿ ನಿಲ್ಲಬೇಕು. ನಿಂತರೆ ಅದರ ಹೊಟ್ಟೆಯೊಳಗೆ ಇಣುಕಬಹುದು. ಕಪ್ಪು ಪರದೆಯಲ್ಲಿ ಅದರ ಹೆಸರು ಟೈಪಿಸಿ ಓಡಿಸಿದ. ಪೊಲೀಸರನ್ನು ಕಂಡ ಬಾಡಿಗೆ ವ್ಯಾನಿನಂತೆ ಅದು ಚುಕ್ಕೆ ದಾಟಿ ಹೋಯಿತು.

ಸಾಲುಸಾಲಿಗೂ ಚುಕ್ಕೆ ಇಟ್ಟ, ಪರದೆಗೆ ಸಿಡುಬೆದ್ದಂತಾಯಿತು. ಆದರೂ ನಿಲ್ಲಲಿಲ್ಲ.

"ಆರ್ಸಿ ಹಚ್ಚೋ ಮಾರಾಯಾ," ಎಂದು ಪಕ್ಕದ ಶವಪೆಟ್ಟಿಗೆ ಬಡಗಿ ಬಡು ಕಿಟಕಿಯಲ್ಲಿ ತಲೆ ತೂರಿಸಿದ. ಓಪೋಕು ಆರಿಸಿ ಹಚ್ಚಿ ಓಡಿಸಿದ. ಇಲ್ಲ.

"ಸರಿ ಆ ಕಡೆ!" ಎಂದು ಸೆರ್ವಾ ಕೀಲಿಮಣೆಯ ಮೇಲೆ ಕೈಯಿಟ್ಟು ಕಣ್ಮುಚ್ಚಿದಳು. "ಯೇಸುವಿನ ಹೆಸರಲ್ಲಿ ಹೇಳ್ತಿದ್ದೀನಿ, ನಿಲ್ಲು!" ಓಪೋಕು ಒತ್ತಿದ. ಅದು ಆ ಹೆಸರಿಗೂ ನಿಲ್ಲಲಿಲ್ಲ.

"ನಮ್ಮ ಮಾವನ ಮಾತೂ ಹಿಂಗೇ ಇತ್ತು," ಎಂದರು ನಾನಾ.

ಮಧ್ಯಾಹ್ನ ಓಪೋಕುವಿಗೆ ಹೊಳೆಯಿತು. ಚುಕ್ಕೆಗಳೆಲ್ಲ ಅವನು ತಿದ್ದುತ್ತಿದ್ದ ಪ್ರತಿಯಲ್ಲಿದ್ದವು. ಹೆಸರು ಕೂಗಿದಾಗ ಎದ್ದು ಓಡುತ್ತಿದ್ದದ್ದು ಅಂಗಡಿಯಲ್ಲಿ ದಿನವೂ ದುಡಿಯುವ ಹಳೆಯ ಪ್ರತಿ. "ಸಿಕ್ತು!" ಎಂದು ಕುಣಿದು, ಇನ್ನು ಮೇಲೆ ತನ್ನ ಪ್ರತಿಯೇ ಓಗೊಡುವಂತೆ ಮಾಡಿದ. ಆಮೇಲೆ ಕುಣಿತ ತಣ್ಣಗಾಯಿತು. ಮಾದರಿ ಹೋದ ಮೇಲೆ ದುಡಿಯುವ ಪ್ರತಿ ಓಡಿದಾಗಲೆಲ್ಲ ನಾನಾ ಸತ್ತ ಸುದ್ದಿಯನ್ನು ಊರಿಗೆಲ್ಲ ಕಳಿಸಿಯೇ ಇರುತ್ತದಲ್ಲ!

ಬೀದಿಯಲ್ಲಿ ಗೋಳು ಕೇಳಿತು. ಸಾವಿಗೆ ಉಡುವ ಕೆಂಪು ಕಪ್ಪು ಬಟ್ಟೆಯ ಜನ ಎದೆ ಬಡಿದುಕೊಂಡು ಬರುತ್ತಿದ್ದರು.

"ಮನೇಲಿ ಕೇಳಿದ್ವಿ, ಶವಪೆಟ್ಟಿಗೆ ಅಂಗಡಿ ಕಡೆ ಹೋದ್ರು ಅಂದ್ರು! ಅಯ್ಯೋ ನಾನಾ!"

ನಾನಾ ಬಾಗಿಲಲ್ಲಿ ನಿಂತರು. ಇಬ್ಬರು ಹೆಂಗಸರು ಮೂರ್ಛೆ ಹೋದರು. ನಾನಾ ಮಾತ್ರ ಯಾರ ಕಣ್ಣಲ್ಲಿ ನೀರಿದೆ, ಯಾರದು ಬರಿ ಬಾಯಿ ಎಂದು ಒಬ್ಬೊಬ್ಬರನ್ನೇ ನೋಡುತ್ತ ಹಿಗ್ಗಿದರು.

"ಬದುಕಿದ್ದಾಗ ಇದನ್ನ ನೋಡೋ ಭಾಗ್ಯ ಯಾರಿಗಯ್ಯಾ ಸಿಗತ್ತೆ? ನಮ್ಮ ಕುಲದ ಸಾವೆಲ್ಲಾ ಇನ್ನು ನಿಮಗೇ!"

"ಆಮೆನ್," ಎಂದಳು ಸೆರ್ವಾ.

"ಆದ್ರೆ ನನ್ನ ಷಡ್ಡಕ ಬಂದಿಲ್ಲ. ಇನ್ನೊಂದ್ಸಲ ಕಳ್ಸು. ಅವನ ಅಳು ನೋಡ್ದೆ ನಾನು ಇಲ್ಲಿಂದ ಕದಲಲ್ಲ."

ಓಪೋಕು ದೇವರನ್ನು ನೆನೆದು ಒತ್ತಿದ. ಪ್ರೋಗ್ರಾಮು ಮೊದಲ ಕೆಂಪು ಚುಕ್ಕೆಯ ಮುಂದೆ ಮದುವಣಗಿತ್ತಿಯಂತೆ ತಲೆ ತಗ್ಗಿಸಿ ನಿಂತಿತು. ಮುಂದಕ್ಕೆ ದೂಡಿದ. ಎರಡನೆಯದಕ್ಕೂ ನಿಂತಿತು.

ನಾನಾ ಕೋಲಿಗೆ ಕೈಹಾಕಿದರು. "ಬೆಳಿಗ್ಗೆಯಿಂದ ಬೇಡ ಬೇಡ ಅಂದ್ರೂ ಸಾಯಿಸ್ತಿದ್ದೆ. ಈಗ ನಾನೇ ಕೇಳಿದ್ರೆ ಆಗಲ್ವೇನೋ?"